ಮನೆಯ ಕೇಬಲ್ ಅಂತರಜಾಲಕ್ಕೆ ಲ್ಯಾಪ್‌ಟಾಪ್ ಸೇರದಿದ್ದಾಗ

ಬೆಂಗಳೂರು ದಕ್ಷಿಣದ ಶ್ರೀನಗರ, ಹನುಮಂತನಗರ, ಗಿರಿನಗರ ಹಾಗೂ ಬನಶಂಕರಿ ಒಂದನೇ ಹಂತದಲ್ಲಿ ಮನೆಯ ಒಂದು ಕೊಠಡಿಯನ್ನೇ ಕಚೇರಿಯನ್ನಾಗಿಸಿಕೊಂಡಿರುವ ವ್ಯಾಪಾರಿಗಳು, ತೆರಿಗೆ ಸಲಹೆಗಾರರು ಮತ್ತು ಸಣ್ಣ ಉದ್ಯಮಿಗಳು ಅನೇಕರಿದ್ದಾರೆ. ಇವರಿಗೆ ಅಂತರಜಾಲ ಸಂಪರ್ಕವು ಸೌಕರ್ಯವಲ್ಲ, ವ್ಯವಹಾರದ ಬಾಗಿಲು. ಸಾಮಾನ್ಯವಾಗಿ 50,000 ರೂ. ಮೌಲ್ಯವನ್ನು ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ಗೋದಾಮು ಬಿಡುವಂತಿಲ್ಲ. ರಾಜ್ಯದೊಳಗಿನ ಸಾಗಣೆಗೆ ಈ ಪದ್ಧತಿಯನ್ನು 2018ರ ಏಪ್ರಿಲ್ 1ರಂದು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ಮಾಸಿಕ ಜಿಎಸ್‌ಟಿಆರ್-3ಬಿ ವಿವರಪತ್ರವನ್ನು 20ನೇ ತಾರೀಖಿನೊಳಗೆ ಸಲ್ಲಿಸದಿದ್ದರೆ ದಿನವೊಂದಕ್ಕೆ 50 ರೂ. ವಿಳಂಬ ಶುಲ್ಕವೂ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತವೆ. ಇಂತಹ ದಿನದಂದೇ ಲ್ಯಾಪ್‌ಟಾಪ್ ಸಂಪರ್ಕ ಪಡೆಯಲು ನಿರಾಕರಿಸಿದರೆ ಗಾಬರಿಯಾಗುವುದು ಸಹಜ.

ಆ ಗಾಬರಿಯಲ್ಲಿ ಲ್ಯಾಪ್‌ಟಾಪನ್ನು ದುರಸ್ತಿ ಅಂಗಡಿಗೆ ಒಯ್ದು ವಿಂಡೋಸನ್ನು ಹೊಸದಾಗಿ ಹಾಕಿಸುವವರೂ ಉಂಟು. ಡಿಸ್ಕನ್ನು ಅಳಿಸಿದಾಗ ಪ್ರತಿ ತೆಗೆದಿರಿಸದ ಟ್ಯಾಲಿ ಲೆಕ್ಕಪತ್ರಗಳೂ ಅಳಿಸಿಹೋಗುತ್ತವೆ. ದೋಷವಿದ್ದದ್ದು ಬಹುಶಃ ಕೇಬಲ್ ನಿರ್ವಾಹಕರ ದಾಖಲೆಯಲ್ಲಿನ ಒಂದು ಸಂಖ್ಯೆಯಲ್ಲಿ; ಹೋದದ್ದು ಮಾತ್ರ ಮೂರು ವರ್ಷದ ಖಾತೆ. ಆದುದರಿಂದ ಸಂಪರ್ಕವು ಯಾವ ಗಡಿಯಲ್ಲಿ ಕಡಿದಿದೆ ಎಂಬುದನ್ನು ತಿಳಿಯುವ ಮುನ್ನ ಲ್ಯಾಪ್‌ಟಾಪನ್ನು ಯಾರ ಕೈಗೂ ಕೊಡಬಾರದು.

ಮೊಟ್ಟಮೊದಲು ಮೊಬೈಲಿನ ಹಾಟ್‌ಸ್ಪಾಟ್ ತೆರೆದು ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಬೇಕು. ಇದರಿಂದ ತುರ್ತು ಕೆಲಸ ಮುಗಿಯುತ್ತದೆ, ಜೊತೆಗೆ ಅರ್ಧ ಪರೀಕ್ಷೆಯೂ ಆಗುತ್ತದೆ. ಹಾಟ್‌ಸ್ಪಾಟ್ ಮೂಲಕ ಜಾಲತಾಣಗಳು ತೆರೆದುಕೊಂಡರೆ ಯಂತ್ರದ ನಿಸ್ತಂತು ಭಾಗವೂ ತಂತ್ರಾಂಶವೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿವೆ ಎಂದರ್ಥ. ಅನಂತರ ಮೊಬೈಲ್ ಡೇಟಾ ನಿಲ್ಲಿಸಿ, ಫೋನನ್ನು ಮನೆಯ ವೈ-ಫೈಗೆ ಸೇರಿಸಿ ನೋಡಬೇಕು. ಫೋನಿಗೂ ಸಂಪರ್ಕ ಸಿಗದಿದ್ದರೆ ತೊಂದರೆ ಲ್ಯಾಪ್‌ಟಾಪಿನ ಹೊರಗಿದೆ. ಯೋಜನೆಯ ಅವಧಿ ಮುಗಿದಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಿಬಿಡುವುದು ಮೇಲು. ಆರು ತಿಂಗಳಿಗೊಮ್ಮೆ ಹಣ ಕಟ್ಟುವವರಿಗೆ ಆ ತಾರೀಖು ನೆನಪಿರುವುದು ಅಪರೂಪ.

ನಮ್ಮ ಬಡಾವಣೆಗಳ ಕೇಬಲ್ ಸಂಪರ್ಕದ ಸ್ವರೂಪವನ್ನು ಇಲ್ಲಿ ಅರಿಯುವುದು ಅವಶ್ಯ. ಕೇಂದ್ರ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. ಆ ಕಾಲದಲ್ಲಿ ದೂರದರ್ಶನದ ಏಕಾಕ್ಷ ಕೇಬಲಿನಲ್ಲಿಯೇ ಮೋಡೆಮ್ ಮೂಲಕ ಅಂತರಜಾಲ ಬರುತ್ತಿತ್ತು. ಇಲ್ಲವೇ ಮಹಡಿಯಿಂದ ಮಹಡಿಗೆ, ತೆಂಗಿನ ಮರಗಳ ನಡುವೆ, ಎಳೆದ ಈಥರ್‌ನೆಟ್ ತಂತಿಯ ಮೂಲಕ ಬರುತ್ತಿತ್ತು. ಇಂದು ಬಹುತೇಕ ಕಡೆ ಬೆಳಕಿನ ತಂತು ಮನೆಯವರೆಗೆ ಬಂದಿದ್ದರೂ ಹಳೆಯ ತಂತಿಗಳು ಪೂರ್ಣವಾಗಿ ಮಾಯವಾಗಿಲ್ಲ. ಈಥರ್‌ನೆಟ್ ತಂತಿಯ ಒಂದು ಎಳೆತ 100 ಮೀಟರ್ ಮೀರಬಾರದು. ಆದ್ದರಿಂದ ನಡುನಡುವೆ ಯಾರದೋ ಮಹಡಿಯ ಮೇಲಿನ ಪೆಟ್ಟಿಗೆಯಲ್ಲಿ ಸ್ವಿಚ್ ಇರಿಸಿ, ಅದೇ ಮನೆಯಿಂದ ವಿದ್ಯುತ್ ಪಡೆಯುವುದು ವಾಡಿಕೆ. ನಿಮ್ಮ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ನಾಲ್ಕು ಮನೆಯಾಚೆ ಫ್ಯೂಸ್ ಹೋಗಿದ್ದರೆ ನಿಮ್ಮ ಅಂತರಜಾಲ ನಿಲ್ಲುವುದು ಈ ಕಾರಣದಿಂದ.

ಇನ್ನು ಫೋನಿಗೆ ಸಂಪರ್ಕ ಸಿಕ್ಕಿ ಲ್ಯಾಪ್‌ಟಾಪಿಗೆ ಮಾತ್ರ ಸಿಗದ ಸಂದರ್ಭ. ವಿಂಡೋಸ್ ಯಂತ್ರದಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಟೈಪಿಸಿದರೆ ಯಂತ್ರಕ್ಕೆ ದೊರೆತ ಐಪಿ ವಿಳಾಸ ಕಾಣುತ್ತದೆ. ರೋಗಿಯ ನಾಡಿ ಹಿಡಿದಂತೆ ಇದು. ವಿಳಾಸವು 169.254 ಎಂದು ಆರಂಭವಾಗಿದ್ದರೆ, ಲ್ಯಾಪ್‌ಟಾಪ್ ವಿಳಾಸ ಕೇಳಿ ಯಾರಿಂದಲೂ ಉತ್ತರ ಬಾರದೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. 192.168 ಎಂದು ಆರಂಭವಾಗಿ, ಡಿಫಾಲ್ಟ್ ಗೇಟ್‌ವೇ ಎಂಬಲ್ಲಿಯೂ ಸಂಖ್ಯೆಯಿದ್ದರೆ, ಸಾಮಾನ್ಯವಾಗಿ ಮನೆಯ ರೌಟರ್ ತನಕ ದಾರಿ ಸರಿಯಿದೆ.

ಕೇಬಲ್ ಸಂಪರ್ಕಗಳಿಗೇ ವಿಶೇಷವಾದ ತೊಡಕೊಂದು ಇಲ್ಲಿದೆ. ಪ್ರತಿ ಜಾಲ ಸಾಧನಕ್ಕೂ ಹನ್ನೆರಡು ಅಕ್ಷರ-ಅಂಕಿಗಳ ಭೌತಿಕ ವಿಳಾಸವೊಂದಿರುತ್ತದೆ. ಇದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಒಂದು ಸಂಪರ್ಕವನ್ನು ಹತ್ತು ಮನೆಯವರು ಹಂಚಿಕೊಳ್ಳದಿರಲೆಂದು ಅನೇಕ ನಿರ್ವಾಹಕರು ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸವನ್ನು ಗ್ರಾಹಕರ ಖಾತೆಗೆ ಕಟ್ಟಿಬಿಡುತ್ತಾರೆ. ರೌಟರ್ ಇಲ್ಲದೆ ತಂತಿಯನ್ನು ನೇರವಾಗಿ ಜೋಡಿಸುವ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ತಂದರೂ, ಹಳೆಯದರ ಮದರ್‌ಬೋರ್ಡ್ ಬದಲಿಸಿದರೂ, ತಂತಿಯ ಕಿಂಡಿಯಿಲ್ಲದ ತೆಳು ಯಂತ್ರಕ್ಕೆ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿದರೂ ಆ ವಿಳಾಸ ಬದಲಾಗುತ್ತದೆ. ನಿರ್ವಾಹಕರ ಯಂತ್ರ ಅಪರಿಚಿತನಿಗೆ ಬಾಗಿಲು ತೆರೆಯುವುದಿಲ್ಲ. ಲ್ಯಾಪ್‌ಟಾಪ್ ಒಂದೇ ಆದರೂ ಅದರ ತಂತಿ ಕಿಂಡಿಗೆ ಒಂದು, ವೈ-ಫೈಗೆ ಇನ್ನೊಂದು ಮ್ಯಾಕ್ ವಿಳಾಸವಿರುವುದೂ ಗಮನಾರ್ಹ. ಗೌಪ್ಯತೆಗಾಗಿ ವಿಳಾಸವನ್ನು ಮರೆಮಾಚುವ ಸೌಲಭ್ಯ 2015ರ ವಿಂಡೋಸ್ 10ರಿಂದ ಅನೇಕ ಯಂತ್ರಗಳಲ್ಲಿ ಬಂದಿದ್ದು, ಅದನ್ನು ಚಾಲೂ ಮಾಡಿದ್ದರೆ ವಿಳಾಸ ನೋಡಿ ಪ್ರವೇಶ ಕೊಡುವ ವೈ-ಫೈ ರೌಟರ್ ಸಹ ಹಳೆಯ ಯಂತ್ರವನ್ನೇ ಹೊರಗಿಡಬಹುದು.

ಪರಿಹಾರ ಕಷ್ಟವಲ್ಲ. ಕೇಬಲ್ ಮೋಡೆಮ್ ಇದ್ದಲ್ಲಿ ಅದರ ವಿದ್ಯುತ್ ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಚಾಲನೆ ಕೊಟ್ಟರೆ, ಹಿಂದಿನ ಸಾಧನದ ನೆನಪು ಅಳಿದು ಹೊಸದನ್ನು ಅನೇಕ ವೇಳೆ ಅದು ಒಪ್ಪಿಕೊಳ್ಳುತ್ತದೆ. ಇಲ್ಲವಾದರೆ ನಿರ್ವಾಹಕರಿಗೆ ದೂರವಾಣಿ ಮಾಡಿ, ಹೊಸ ಮ್ಯಾಕ್ ವಿಳಾಸವನ್ನು ಓದಿ ಹೇಳಿ, ಹಳೆಯದನ್ನು ಬಿಡಿಸಿಕೊಳ್ಳಬೇಕು. ರೌಟರ್ ಕೊಂಡು ಅದನ್ನೇ ನೋಂದಾಯಿಸುವುದು ಶಾಶ್ವತ ಉಪಾಯ; ಆಮೇಲೆ ಲ್ಯಾಪ್‌ಟಾಪ್ ಎಷ್ಟು ಬದಲಾದರೂ ನಿರ್ವಾಹಕರಿಗೆ ಕಾಣುವುದು ರೌಟರ್ ಮಾತ್ರ.

ಎರಡನೆಯ ಸಾಮಾನ್ಯ ಕಾರಣ ಕಚೇರಿಯೇ. ಹಗಲು ಅಂಗಡಿ ಅಥವಾ ಕಾರ್ಖಾನೆಯ ಜಾಲದಲ್ಲಿ ದುಡಿದ ಲ್ಯಾಪ್‌ಟಾಪ್ ಅಲ್ಲಿಯ ಸ್ಥಿರ ಐಪಿ ವಿಳಾಸವನ್ನೋ, ಪ್ರಾಕ್ಸಿ ಸರ್ವರಿನ ಹೆಸರನ್ನೋ ಹೊತ್ತು ಮನೆಗೆ ಬರುತ್ತದೆ. ಮನೆಯಲ್ಲಿ ಆ ಸರ್ವರ್ ಎಲ್ಲಿಂದ ಬರಬೇಕು? ಜಾಲದ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು ಸ್ವಯಂಚಾಲಿತವಾಗಿ ಪಡೆಯುವ ಆಯ್ಕೆ ಗುರುತಿಸಿ, ಪ್ರಾಕ್ಸಿಯನ್ನು ನಿಲ್ಲಿಸಿದರೆ ಸಾಕು. ಮರುದಿನ ಕಚೇರಿಗೆ ಬೇಕಾಗುವುದರಿಂದ ಹಳೆಯ ಅಂಕಿಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಸಂದೇಶಗಳು ಬರುತ್ತಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಶಂಕಿಸಬಹುದು, 8.8.8.8 ಎಂಬ ಸಾರ್ವಜನಿಕ ಸಂಖ್ಯೆಯನ್ನು ಅಲ್ಲಿ ನಮೂದಿಸಿ ನೋಡಬಹುದು. ಯಂತ್ರದ ತಾರೀಖು ತಪ್ಪಿದ್ದರೂ ಬ್ಯಾಂಕ್ ಹಾಗೂ ತೆರಿಗೆ ತಾಣಗಳು ತೆರೆಯುವುದಿಲ್ಲ. ಗಡಿಯಾರದ ಪುಟ್ಟ ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚು.

ತೊಂದರೆ ಹೊರಗಿದೆಯೆಂದು ಖಚಿತವಾದರೆ ದೀಪಗಳನ್ನು ನೋಡಬೇಕು. ಬೆಳಕಿನ ತಂತಿನ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಮನೆಯಲ್ಲಿ ಮಾಡುವ ದುರಸ್ತಿ ಇದಲ್ಲ, ತಂತಿನ ತುದಿಯನ್ನು ಕಣ್ಣಿಟ್ಟು ನೋಡುವುದಂತೂ ಕೂಡದು. ಏಕಾಕ್ಷ ಕೇಬಲ್ ಇರುವಲ್ಲಿ ಎರಡನೆಯ ಟಿವಿಗಾಗಿ ಹಾಕಿಸಿದ ಸ್ಪ್ಲಿಟರ್ ಸಂಕೇತದ ಬಲವನ್ನು ಅರ್ಧಕ್ಕಿಳಿಸುತ್ತದೆ ಎಂಬುದನ್ನು ನೆನೆಯಬೇಕು. ಮಳೆಗಾಲದಲ್ಲಿ ಸಡಿಲ ಜೋಡಣೆಗೆ ನೀರಿಳಿಯುವುದು, ಬೆಸ್ಕಾಂ ಕಂಬಗಳಲ್ಲಿ ಅನಧಿಕೃತವಾಗಿ ತೂಗುವ ಕೇಬಲ್‌ಗಳ ತೆರವಿನಲ್ಲಿ ಸಂಪರ್ಕ ಕಡಿಯುವುದು ನಮ್ಮ ನಗರದ ಗ್ರಾಹಕರಿಗೆ ಹೊಸತಲ್ಲ.

ದೂರು ನೀಡುವಾಗ 'ನೆಟ್ ಬರುತ್ತಿಲ್ಲ' ಎಂದಷ್ಟೇ ಹೇಳಿದರೆ ಬರುವ ಉತ್ತರ 'ರೌಟರ್ ಆಫ್ ಮಾಡಿ ಆನ್ ಮಾಡಿ' ಎಂಬುದು. ಎಷ್ಟು ಗಂಟೆಗೆ ನಿಂತಿತು, ಯಾವ ದೀಪ ಹೇಗಿದೆ, ಕಂಡ ವಿಳಾಸ ಯಾವುದು, ಎರಡನೆಯ ಸಾಧನದಲ್ಲಿ ಏನಾಯಿತು ಎಂದು ತಿಳಿಸಿ, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ ಟ್ರಾಯ್ ಸಂಸ್ಥೆ 2006ರಲ್ಲಿಯೇ ನಿಯಮ ರೂಪಿಸಿತ್ತು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಅದರ ಸ್ಥಾನದಲ್ಲಿದೆ. ಆದರೆ ಬಿಡಿ ಗ್ರಾಹಕರ ದೂರನ್ನು ಟ್ರಾಯ್ ತಾನೇ ಇತ್ಯರ್ಥಪಡಿಸುವುದಿಲ್ಲ. ಮೊದಲು ಸೇವಾದಾರರ ದೂರು ಕೇಂದ್ರ, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಸೇವಾದಾರರ ಮೇಲ್ಮನವಿ ಪ್ರಾಧಿಕಾರ ಎಂಬುದು ಕ್ರಮ, ಮತ್ತು ದೂರಿನ ಸಂಖ್ಯೆಯಿಲ್ಲದ ಮೇಲ್ಮನವಿಗೆ ಆಧಾರವಿರುವುದಿಲ್ಲ.