ಲೇಬಲ್ ಮೇಲೆ ನಂಬರ್ ಇದ್ದರೆ ಸರ್ಕಾರ ಪರೀಕ್ಷಿಸಿದೆ ಎಂದರ್ಥವೇ?

ಕೊಳ್ಳೇಗಾಲ, ಹನೂರು, ಯಳಂದೂರಿನ ಅಂಗಡಿಗಳಲ್ಲಿ ‘ಬೆಟ್ಟದ ಶುದ್ಧ ಜೇನುತುಪ್ಪ’ ಎಂದು ಬರೆದ ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು ಕಂಡರೆ, ಸರ್ಕಾರವೇ ಪರೀಕ್ಷಿಸಿದೆ ಎಂದು ನಾವು ನಂಬಿಬಿಡುತ್ತೇವೆ. ಅದು ತಪ್ಪು. ಅಲ್ಲಿರುವ 14 ಅಂಕಿಗಳು ಉದ್ದಿಮೆಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಮಾತ್ರ. ಪ್ರತಿ ಬಾಟಲಿಯನ್ನೂ ಪರೀಕ್ಷಿಸಿದ ಮುದ್ರೆಯಲ್ಲ.

ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯಿಂದ ಮಾದರಿ ತೆಗೆದು, ನಾಲ್ಕು ಭಾಗ ಮಾಡಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸುತ್ತಾರೆ. ವರದಿಗೆ 14 ದಿನಗಳ ಗಡುವು. ಲೇಬಲ್ ಸುಳ್ಳು ಹೇಳಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ 3 ಲಕ್ಷ ರೂಪಾಯಿವರೆಗೆ ದಂಡ.

ಅನುಮಾನವಿದ್ದರೆ ಅಧಿಕಾರಿ ಬರುವವರೆಗೆ ಕಾಯಬೇಕಿಲ್ಲ. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ ನಾವೇ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸ್ ಸಿಗುತ್ತದೆ. ಬಿಲ್ ಮಾತ್ರ ಮರೆಯದೆ ಪಡೆಯೋಣ.