ತುಂಡು ಹಾಕ್ಲಿಲ್ಲ, ಗಸಿ ಮಾತ್ರ

ಕರಾವಳಿಯಲ್ಲಿ ಮೀನಿನ ಅಲರ್ಜಿ ಇರುವವರಿಗೆ ಅಪಾಯ ಬರುವುದು ಹೆಚ್ಚಾಗಿ ಪ್ರೀತಿಯಿಂದ ಬಡಿಸುವ ಕೈಯಿಂದ. "ತುಂಡು ಹಾಕ್ಲಿಲ್ಲ ಮಗಾ, ಗಸಿ ಮಾತ್ರ, ಸ್ವಲ್ಪ ಊಟ ಮಾಡು" ಎಂದು ದೊಡ್ಡಮ್ಮ ಒತ್ತಾಯಿಸುತ್ತಾರೆ. ಆದರೆ ಅಪಾಯ ಇರುವುದು ಆ ಗಸಿಯಲ್ಲೇ. ಈ ಅಲರ್ಜಿಗೆ ಮುಖ್ಯ ಕಾರಣ ಮೀನಿನ ಮಾಂಸದಲ್ಲಿರುವ ಪಾರ್ವಾಲ್ಬುಮಿನ್ ಎಂಬ ಪ್ರೋಟೀನು. ಕುದಿಸಿದರೂ ಅದರ ಕಾಟ ತಪ್ಪದು. ನೀರಲ್ಲಿ ಕರಗಿ ಇಡೀ ಪಾತ್ರೆಗೆ ಹರಡುತ್ತದೆ. ಬಂಗುಡೆ, ಅಂಜಲ್, ಕಾಣೆಗಳಲ್ಲಿ ಅದು ಬಹುಮಟ್ಟಿಗೆ ಒಂದೇ ಬಗೆಯದು, ಹಾಗಾಗಿ ಒಂದು ಆಗದವರಿಗೆ ಹಲವು ಮೀನು ಆಗುವುದಿಲ್ಲ. ಸಿಗಡಿ, ಏಡಿಗಳ ಅಲರ್ಜಿಯೇ ಬೇರೆ. ಮೀನು ಆಗದವರು ಸಿಗಡಿ ತಿನ್ನಬಹುದೇ ಎಂಬುದನ್ನು ವೈದ್ಯರ ಪರೀಕ್ಷೆ ಹೇಳಬೇಕು, ಮನೆಯಲ್ಲಿ ತಿಂದು ನೋಡುವುದು ಬೇಡ.

ನನ್ನ ತಂಗಿಗೆ ಈ ಅಲರ್ಜಿ ಇದೆ. ಹೋಟೆಲಿಗೆ ಹೋದರೆ ಅವಳು ಮೆನು ನೋಡುವ ಮೊದಲು ಕಾವಲಿಯ ವಿಷಯ ವಿಚಾರಿಸುತ್ತಾಳೆ. ಕಾಣೆ ರವಾ ಫ್ರೈ ತೆಗೆದ ಮೇಲೆ ಅಂಟಿದ ಕೆಂಪು ಮಸಾಲೆಯನ್ನು ಸಟ್ಟುಗದಿಂದ ಕೆರೆದು, ಅಲ್ಲೇ ಆಮ್ಲೆಟ್ ಹುಯ್ಯುವುದನ್ನು ನಾನೇ ಕಂಡಿದ್ದೇನೆ. ಮೀನು ಕರಿದ ಎಣ್ಣೆಯಲ್ಲೇ ಗೋಬಿಯೂ ಬೇಯುತ್ತದೆ. ಕೆಲವರಿಗೆ ಮೀನು ಬೇಯುವ ಹಬೆ ಸಾಕು, ಉಸಿರು ಕಟ್ಟಿದಂತಾಗುತ್ತದೆ. ಪೊಟ್ಟಣದ ತಿಂಡಿಗಳ ಮೇಲೆ ಮೀನಿನ ಅಂಶವನ್ನು ನಮೂದಿಸಬೇಕೆಂದು ನಿಯಮವಿದೆ. ಮದುವೆ ಮನೆಯ ಸೌಟಿಗೆ ಅಂಥ ಚೀಟಿ ಎಲ್ಲಿಂದ ಬರಬೇಕು?

ಇನ್ನೊಂದು ಗೊಂದಲವೂ ಉಂಟು. ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿಡದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ. ಅದು ಅಲರ್ಜಿಯಲ್ಲ, ಮೀನು ಕೆಟ್ಟಿದ್ದರ ಫಲ. ಯಾವುದೆಂದು ತಿಳಿಯದೆ ಜನ್ಮವಿಡೀ ಮೀನು ಬಿಡುವುದೂ ಸರಿಯಲ್ಲ, ಬರೀ ಕೆಟ್ಟ ಮೀನಿನ ಕಾಟವಿರಬೇಕೆಂದು ಮತ್ತೆ ತಿನ್ನುವುದೂ ಸರಿಯಲ್ಲ.

ನಿಜವಾದ ಅಲರ್ಜಿಯಲ್ಲಿ ಗಂಟಲು ಬಿಗಿದರೆ, ಉಸಿರಾಟ ಕಷ್ಟವಾದರೆ, ತಲೆ ತಿರುಗಿ ಬಿದ್ದರೆ ತುರಿಕೆಯ ಮಾತ್ರೆ ನುಂಗಿಸಿ ಕಾಯಬಾರದು. ಮೊದಲು ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ವಿದೇಶದಲ್ಲಿ ಬಳಸುವ, ಸ್ವತಃ ಒತ್ತಿ ಚುಚ್ಚಿಕೊಳ್ಳುವ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ತುರ್ತಿಗೆ ಏನು ಇಟ್ಟುಕೊಳ್ಳಬೇಕು, ಯಾರು ಚುಚ್ಚಬೇಕು ಎಂಬುದನ್ನು ಅಲರ್ಜಿ ತಜ್ಞರ ಬಳಿ ಮೊದಲೇ ಕೇಳಿ, ಮನೆಯವರೂ ಕಲಿತಿರಬೇಕು. ಚುಚ್ಚಿದ ಮೇಲೆ ಸರಿಯಾಯಿತೆಂದು ಮನೆಯಲ್ಲೇ ಉಳಿಯಬಾರದು. ಕೆಲವು ಗಂಟೆಗಳ ಬಳಿಕ ಅದೇ ತೊಂದರೆ ಮರುಕಳಿಸಬಹುದು. ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳುವವರೆಗೂ ಅಲ್ಲೇ ಇರಬೇಕು.