ನೀರಿನಿಂದ ಗ್ಯಾಸ್: ಬಿಸಿಲು ಮಾಡಬಲ್ಲ ಕೆಲಸ



‘ನೀರು ಹಾಕಿದರೆ ಒಲೆ ಉರಿಯುತ್ತಂತೆ, ಸಂಘದಿಂದ ಸಾಲ ತೆಗೆದು ತರಿಸೋಣವಾ?’ ಎಂದು ಕೇಳುವವರಿದ್ದಾರೆ. ಬೇಡ ಎಂದುಬಿಡುವುದು ಸುಲಭ. ಆದರೆ ನೀರಿನೊಳಗೆ ಉರಿಯುವ ಅನಿಲ ಇರುವುದು ಸುಳ್ಳಲ್ಲ. ಅದನ್ನು ತೆಗೆಯುವುದು ಹೇಗೆ ಎಂಬುದನ್ನು ನಾವು ತಿಳಿದುಕೊಂಡರೆ ಉತ್ತರ ತಾನೇ ಸಿಗುತ್ತದೆ.

ನೀರು ಅಂದ್ರೆ ಜಲಜನಕ, ಆಮ್ಲಜನಕ ಎರಡೂ ಕೂಡಿದ್ದು. ಜಲಜನಕ ಉರಿದರೆ ಮಸಿ ಇಲ್ಲ, ಮತ್ತೆ ನೀರೇ ಆಗುತ್ತದೆ. ಆದರೆ ಅದನ್ನು ನೀರಿನಿಂದ ಬಿಡಿಸಲು, ಉರಿದಾಗ ಸಿಗುವಷ್ಟಾದರೂ ಶಕ್ತಿಯನ್ನು ಮೊದಲು ನಾವೇ ಕೊಡಬೇಕು. ಪುಕ್ಕಟೆ ಏನೂ ಇಲ್ಲ.

ಆ ಶಕ್ತಿಯನ್ನು ಬಿಸಿಲೇ ಕೊಟ್ಟರೆ? 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಇದನ್ನು ತೋರಿಸಿದರು. ಟೈಟಾನಿಯಂ ಡೈಆಕ್ಸೈಡನ್ನು ಪ್ಲಾಟಿನಂಗೆ ಜೋಡಿಸಿ ನೀರಿನಲ್ಲಿಟ್ಟು ಬೆಳಕು ಬಿಟ್ಟಾಗ ನೀರು ಒಡೆಯಿತು. ಇಂಥ ವಸ್ತುವಿಗೆ ಬೆಳಕಿನ ವೇಗವರ್ಧಕ ಎನ್ನುತ್ತಾರೆ. ಬೀಸುವ ಕಲ್ಲು ರಾಗಿಯನ್ನು ಹಿಟ್ಟು ಮಾಡುತ್ತದೆ, ತಾನು ಹಿಟ್ಟಾಗುವುದಿಲ್ಲ. ಹಾಗೇ ಇದು.

ತೊಂದರೆ ಎಲ್ಲಿ? ಈ ಟೈಟಾನಿಯಂ ಪುಡಿ ಗೋಡೆಯ ಬಿಳಿ ಪೇಂಟಿನಲ್ಲಿ ಇರುವಂಥದ್ದೇ. ಬಿಳಿ ಅಂದ ಮೇಲೆ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ವಾಪಸ್ ಎಸೆಯುತ್ತದೆ. ಅದು ಹೀರುವುದು ಕಾಣದ ನೇರಳಾತೀತ ಬೆಳಕನ್ನು ಮಾತ್ರ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು. ಹಳದಿ ಬಣ್ಣದ ಕ್ಯಾಡ್ಮಿಯಂ ಸಲ್ಫೈಡ್ ಹೆಚ್ಚು ಬೆಳಕು ಹೀರುತ್ತದೆ, ಆದರೆ ಬೆಳಕಿಗೆ ತಾನೇ ಸವೆಯುತ್ತದೆ. ಮೇಲಾಗಿ ಕ್ಯಾಡ್ಮಿಯಂ ವಿಷ.

ಇನ್ನೊಂದು ನಷ್ಟವಿದೆ. ಬೆಳಕು ಬಿದ್ದಾಗ ಪುಡಿಯ ಕಣದೊಳಗೆ ಎಲೆಕ್ಟ್ರಾನ್ ಎದ್ದು ಹೊರಡುತ್ತದೆ, ಅದರ ಜಾಗ ಖಾಲಿಯಾಗುತ್ತದೆ. ನೀರಿನವರೆಗೆ ಹೋಗುವ ಮೊದಲೇ ಅದು ಖಾಲಿ ಜಾಗಕ್ಕೆ ವಾಪಸ್ ಬಿದ್ದರೆ ಶಕ್ತಿಯೆಲ್ಲ ಬಿಸಿಯಾಗಿ ಹೋಯಿತು. ಜಪಾನಿನ ಕಜುನಾರಿ ಡೊಮೆನ್ ಅವರ ತಂಡ 2020ರಲ್ಲಿ ಇದಕ್ಕೆ ಚೆಂದದ ದಾರಿ ತೋರಿಸಿತು. ಸ್ಟ್ರಾನ್ಷಿಯಂ ಟೈಟನೇಟ್ ಹರಳಿಗೆ ಸ್ವಲ್ಪ ಅಲ್ಯೂಮಿನಿಯಂ ಸೇರಿಸಿ ದೋಷ ಕಡಿಮೆ ಮಾಡಿದರು. ಹರಳಿನ ಒಂದು ಮುಖದಲ್ಲಿ ಜಲಜನಕ, ಬೇರೆ ಮುಖದಲ್ಲಿ ಆಮ್ಲಜನಕ ಬಿಡುಗಡೆಯಾಗುವಂತೆ ಆಯಾ ಮುಖಕ್ಕೆ ಬೇರೆ ಬೇರೆ ಲೋಹದ ಲೇಪ ಕೊಟ್ಟರು. ನೇರಳಾತೀತ ಬೆಳಕಿನ ನೂರು ಕಣಗಳಲ್ಲಿ ತೊಂಬತ್ತಾರರ ತನಕ ಕೆಲಸಕ್ಕೆ ಬಂದವು!

ಆದರೂ ಪೂರ್ತಿ ಬಿಸಿಲಿನ ಲೆಕ್ಕ ಹಿಡಿದರೆ ಕೈಗೆ ಸಿಕ್ಕಿದ್ದು ಕಡಿಮೆ. ಅದೇ ತಂಡ ಬಯಲಿನಲ್ಲಿಟ್ಟ 100 ಚದರ ಮೀಟರ್ ಹಲಗೆಗಳ ವಿವರ 2021ರಲ್ಲಿ ಪ್ರಕಟವಾಯಿತು. ಹೆಚ್ಚೆಂದರೆ ಶೇಕಡಾ 0.76. ನಾವೇ ಲೆಕ್ಕ ಹಾಕೋಣ. ಒಂದು ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಬಿದ್ದರೆ, ಆ 100 ಚದರ ಮೀಟರಿನಿಂದ ದಿನಕ್ಕೆ 4 ಯೂನಿಟ್ಟೂ ಇಲ್ಲ. ಮನೆಯ 14.2 ಕೆ.ಜಿ. ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಕ್ತಿ ಇರುತ್ತದೆ. ಮೂವತ್ತು ನಲವತ್ತು ಸೈಟಿಗೆ ಸ್ವಲ್ಪ ಕಡಿಮೆ ಜಾಗ, ಒಂದೂವರೆ ತಿಂಗಳ ಬಿಸಿಲು, ಒಂದು ಸಿಲಿಂಡರ್! ಶೇಕಡಾ 5ಕ್ಕೆ ಏರಿದರೆ ಒಂದು ವಾರ ಸಾಕು. ಬೆಂಗಳೂರಿನಲ್ಲೂ ಸಿ.ಎನ್.ಆರ್. ರಾವ್ ಅವರ ತಂಡ ಇದರ ಮೇಲೆ ಕೆಲಸ ಮಾಡಿದೆ.

ಇದರಲ್ಲಿ ಎರಡು ಅನಿಲವೂ ಬೆರೆತೇ ಬರುತ್ತವೆ, ಒಂದು ಕಿಡಿ ಸಾಕು ಸಿಡಿಯಲು. ಜಪಾನಿನವರು ಜಲಜನಕವನ್ನು ಪೊರೆಯಲ್ಲಿ ಸೋಸಿ ಬೇರೆ ಮಾಡಿದರು. ಅಡುಗೆಮನೆಯಲ್ಲಿ ಮಾಡಿ ನೋಡುವ ಕೆಲಸ ಇದಲ್ಲ.

ಯಾರಾದರೂ ‘ನೀರಿನ ಒಲೆ’ ಮಾರಲು ಬಂದರೆ ‘ಶಕ್ತಿ ಎಲ್ಲಿಂದ ಬರುತ್ತೆ?’ ಎಂದು ಕೇಳಿ. ಕರೆಂಟಿನಿಂದ ಅಂದರೆ ಮೀಟರ್ ಓಡುವುದನ್ನು ನೋಡಿ. ಬರೀ ನೀರಿನಿಂದಲೇ ಅಂದರೆ ಮುಂಗಡ ಕೊಡಬೇಡಿ.